ಅರ್ತ್ ಗುಂಡಿಗೆ ಎರಡು ಬಕೆಟ್ ನೀರು

ಹೊಲಿಗೆಯಕ್ಕನ ಗಂಡನ ಕಿವಿ ಬಹಳ ಸೂಕ್ಷ್ಮ. ಇದನ್ನು ಅವನೂ ಹೇಳಿಕೊಳ್ಳುತ್ತಿದ್ದ, ಅವನ ಸ್ನೇಹಿತರೂ ಹೇಳುತ್ತಿದ್ದರು, ಬೀದಿಯವರಂತೂ ಅವನಿಗೆ ಕಿವಿ ಸಾಹೇಬ ಎಂದೇ ಹೆಸರಿಟ್ಟುಬಿಟ್ಟಿದ್ದರು. ಮೂರನೇ ಮನೆಯ ನಲ್ಲಿ ತೊಟ್ಟಿಕ್ಕಿದರೆ ಅವನಿಗೆ ಕೇಳುತ್ತಿತ್ತು. ಗಡಿಯಾರದ ಟಿಕ್ ಟಿಕ್ ಹಾಡಿಗೆ ಅಡ್ಡ ಬರುತ್ತದೆಂದು ಅದನ್ನು ಹಾಡಿನ ಕೋಣೆಯ ಗೋಡೆಯಿಂದ ಕಿತ್ತು ಅಡುಗೆಮನೆಗೆ ಸಾಗಹಾಕಿದ್ದ. ಹೆಂಡತಿ ಅಡುಗೆಮನೆಯಿಂದ ಎರಡು ಸಲ ಕೂಗಿದರೆ ಮಾತ್ರ ಅದು ಹೇಗೋ ಅವನ ಕಿವಿಯವರೆಗೆ ಬರುತ್ತಿರಲಿಲ್ಲ.

ತೂಕ ಮತ್ತು ಅಳತೆ ಇಲಾಖೆಯಲ್ಲಿ ಅವನು ಇನ್ಸ್‌ಪೆಕ್ಟರ್. ಹಗಲೆಲ್ಲ ಅಂಗಡಿಯವರ ತಕ್ಕಡಿ ಪರೀಕ್ಷೆ, ಸಂಜೆಯಾದರೆ ಹಾಡಿನ ಕೋಣೆ. ಅಲ್ಲಿ ರೆಕಾರ್ಡ್ ಪ್ಲೇಯರ್, ಕೈಯಿಟ್ಟರೆ ಬೆಚ್ಚಗಿರುವ ಆಂಪ್ಲಿಫೈಯರ್, ಆಳೆತ್ತರದ ಎರಡು ಸ್ಪೀಕರ್, ನಡುವೆ ಒಂದೇ ಒಂದು ಕುರ್ಚಿ. "ಹಾಡು ರೆಕಾರ್ಡಿನಿಂದ ಬರುತ್ತೆ ಅಂತ ಜನ ತಿಳ್ಕೊಂಡಿದಾರೆ. ಹಾಡು ಬರೋದು ಕರೆಂಟಿನಿಂದ. ಕರೆಂಟ್ ಕೊಳಕಾದ್ರೆ ಹಾಡೂ ಕೊಳಕು" ಎಂದು ಬಂದವರಿಗೆಲ್ಲ ಪಾಠ ಹೇಳುತ್ತಿದ್ದ. ಆ ಕೊಳಕು ಹೋಗಬೇಕಾದದ್ದು ನೆಲದೊಳಕ್ಕೆ. ಅದಕ್ಕಾಗಿ ಹಿತ್ತಲಲ್ಲಿ ಆಳೆತ್ತರದ ಗುಂಡಿ ತೋಡಿಸಿ, ತಾಮ್ರದ ತಗಡು ಇಳಿಸಿ, ಇದ್ದಿಲು ಉಪ್ಪು ತುಂಬಿಸಿ, ಅಲ್ಲಿಂದ ಕೋಣೆಯವರೆಗೆ ಬೆರಳು ದಪ್ಪದ ಹಸಿರು ವೈರ್ ಎಳೆಸಿದ್ದ. ಅದೇ ಅರ್ತ್ ಗುಂಡಿ. ಮಣ್ಣು ಒಣಗಿದರೆ ಅರ್ತ್ ಕೆಲಸ ಮಾಡುವುದಿಲ್ಲ, ಆದ್ದರಿಂದ ದಿನಾ ಸಂಜೆ ಅದಕ್ಕೆ ಎರಡು ಬಕೆಟ್ ನೀರು ಹಾಕಬೇಕು. ಹಾಕುತ್ತಿದ್ದವಳು ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲ.

ಹನ್ನೊಂದು ವರ್ಷದ ಹಿಂದೆ, ಈ ಮನೆಗೆ ಬಂದ ಹೊಸತರಲ್ಲಿ, ಸ್ಪೀಕರ್‌ನಲ್ಲಿ ಗುಂಯ್ ಎನ್ನುವ ಸದ್ದು ಸೇರಿಕೊಂಡಿತ್ತು. ಕಿವಿ ಸಾಹೇಬ ಊಟ ಬಿಟ್ಟ, ನಿದ್ದೆ ಬಿಟ್ಟ, ವೈರ್‌ಮನ್ ಒಬ್ಬನನ್ನು ಕರೆಸಿ ಇಡೀ ದಿನ ಅವನ ಬೆನ್ನ ಹಿಂದೆಯೇ ನಿಂತ. ಸಂಜೆ ಅವಳನ್ನು ಕೋಣೆಗೆ ಕರೆದು ಆ ಒಂದೇ ಕುರ್ಚಿಯಲ್ಲಿ ಕೂರಿಸಿದ.

"ಏನು ಕೇಳಿಸ್ತಿದೆ ಹೇಳು."

"ಏನೂ ಇಲ್ಲ."

"ಅದೇ" ಎಂದು ಅವಳ ಕೈ ಹಿಡಿದುಕೊಂಡಿದ್ದ. ಅವನು ಅಷ್ಟು ಖುಷಿಯಾಗಿದ್ದನ್ನು ಅವಳು ಮದುವೆಯಲ್ಲೂ ನೋಡಿರಲಿಲ್ಲ. ತನ್ನ ಸಂಸಾರದ ಒಳ್ಳೆಯ ದಿನಗಳನ್ನು ಲೆಕ್ಕ ಹಾಕುವಾಗ ಅವಳು ಈ ಸಂಜೆಯನ್ನೂ ಸೇರಿಸಿಕೊಳ್ಳುತ್ತಿದ್ದಳು.

ಅದೇ ವಾರ ಅವಳಿಗೆ ಕೈ ಜುಮ್ ಎನ್ನಲು ಶುರುವಾದದ್ದು. ಫ್ರಿಜ್ ಬಾಗಿಲು ಹಿಡಿದರೆ ಬೆರಳಿನಿಂದ ಮೊಣಕೈವರೆಗೆ ಇರುವೆ ಹರಿದ ಹಾಗೆ. ಇಸ್ತ್ರಿ ಪೆಟ್ಟಿಗೆ ಮುಟ್ಟಿದರೂ ಹಾಗೆ, ಹೊಲಿಗೆ ಮೆಷಿನ್ನಿನ ಚಕ್ರಕ್ಕೆ ಕೈ ತಾಗಿದರೂ ಹಾಗೆ. ಕಾಲು ಒದ್ದೆಯಿದ್ದರಂತೂ ಕೈ ತಾನಾಗಿ ಹಿಂದಕ್ಕೆ ಎಗರುತ್ತಿತ್ತು. ಹೇಳಿದಳು. ಅವನು ಮೀಟರ್ ತಂದು ಫ್ರಿಜ್ ಮುಂದೆ ಕುಕ್ಕರುಗಾಲಲ್ಲಿ ಕೂತು ನೋಡಿದ, ಎದ್ದ, "ಏನೂ ಇಲ್ಲ" ಎಂದ. ರಬ್ಬರ್ ಚಪ್ಪಲಿ ಹಾಕಿಕೊಂಡೇ ಬಾಗಿಲು ಮುಟ್ಟಿ ತೋರಿಸಿದ.

"ನನಗೆ ಆಗ್ತಿಲ್ವಲ್ಲ. ನಿನಗೊಬ್ಬಳಿಗೇ ಯಾಕೆ ಆಗಬೇಕು? ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ."

ಅವಳಿಗೆ ಕುಣಿಯಲು ಬರುತ್ತಿತ್ತೋ ಇಲ್ಲವೋ, ಹೊಲಿಯಲು ಬರುತ್ತಿತ್ತು. ಸುತ್ತಲಿನ ನಾಲ್ಕು ಬೀದಿಯ ಮಕ್ಕಳ ಯೂನಿಫಾರಂ ಅವಳ ಕೈಯದು, ಮದುಮಗನ ಕೋಟೂ ಅವಳ ಕೈಯದು. ಅವಳು ಹಾಕಿದ ಬಟನ್ ಕಾಜಾ, ಬಟ್ಟೆ ಹರಿದರೂ ಹರಿಯುವುದಿಲ್ಲ ಎಂದು ಜನ ಹೇಳುತ್ತಿದ್ದರು. ಆದರೆ ಹೇಳಿ ಹೇಳಿ ಐದು ವರ್ಷ ಕಳೆದ ಮೇಲೆ, ಅವಳ ಗೋಳು ತಡೆಯಲಾರದೆ ಗಂಡ ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಹೊಲಿಗೆ ಕೆಲಸ ಎಂದು ಕೇಳಿದ ಕೂಡಲೇ ಡಾಕ್ಟರು ತಲೆಯಾಡಿಸಿದರು. ನರ ಒತ್ತಿಕೊಂಡಿದೆ, ಕೈಗೆ ವಿಶ್ರಾಂತಿ ಬೇಕು, ಊಟ ಆದಮೇಲೆ ಈ ಕೆಂಪು ಮಾತ್ರೆ ಒಂದು. ಹೊಲಿಗೆ ಮೆಷಿನ್ ನಾದಿನಿಯ ಮನೆಗೆ ಹೋಯಿತು. ಆಟೋದಲ್ಲಿ ಅದನ್ನು ಹತ್ತಿಸುವಾಗ ಅವಳು ಬಾಗಿಲಿಗೆ ಬರಲಿಲ್ಲ. ಆರು ವರ್ಷದಿಂದ ಹೆಸರಿನಲ್ಲಿ ಮಾತ್ರ ಹೊಲಿಗೆ ಉಳಿದಿತ್ತು. ಮಾತ್ರೆ ನುಂಗುತ್ತಲೇ ಇದ್ದಳು, ಕೈ ಜುಮ್ ಎನ್ನುತ್ತಲೇ ಇತ್ತು. ನನ್ನ ದೇಹವೇ ಕೆಟ್ಟದ್ದು ಎಂದು ಕೊನೆಗೆ ಅವಳೂ ನಂಬಿಬಿಟ್ಟಿದ್ದಳು.

ಈ ಬೇಸಿಗೆಯಲ್ಲಿ ಹಳೆಯ ವಾಷಿಂಗ್ ಮೆಷಿನ್ ಕೈಕೊಟ್ಟಿತು. ಹೊಸದನ್ನು ಕೂರಿಸಲು ಮೆಕ್ಯಾನಿಕ್ ಬಂದ. ಕನ್ನಡಕಕ್ಕೆ ದಾರ ಕಟ್ಟಿಕೊಂಡ, ಹೊಟ್ಟೆ ಬಂದ, ಅವಸರವಿಲ್ಲದ ಮನುಷ್ಯ. ಮೂರು ಪುಟ್ಟ ದೀಪವಿರುವ ಟೆಸ್ಟರನ್ನು ಸಾಕೆಟ್‌ಗೆ ಚುಚ್ಚಿ ನೋಡಿದ. ಎರಡೇ ಹತ್ತಿದವು.

"ಅಮ್ಮ, ಈ ಪಾಯಿಂಟಿಗೆ ಅರ್ತ್ ಇಲ್ಲ. ಅರ್ತ್ ಇಲ್ದೆ ನಾನು ಮೆಷಿನ್ ಕೂರಿಸೋ ಹಾಗಿಲ್ಲ."

ಅವಳಿಗೆ ನಗು ಬಂತು. "ನಮ್ಮ ಮನೇಲಿ ಅರ್ತ್ ಇಲ್ವಾ? ಹಿತ್ತಲಲ್ಲಿ ಗುಂಡಿನೇ ಇದೆಯಲ್ಲಪ್ಪ. ದಿನಾ ನಾನೇ ನೀರು ಹಾಕ್ತೀನಿ."

ಅವನು ಹಿತ್ತಲಿಗೆ ಹೋಗಿ ನೋಡಿದ. "ಇಷ್ಟು ಚೆನ್ನಾಗಿ ಸಾಕಿರೋ ಗುಂಡಿ ನಾನು ನೋಡೇ ಇಲ್ಲ" ಎಂದು ಮೆಚ್ಚಿಕೊಂಡು, ಬಾಗಿಲ ಪಕ್ಕದ ದೊಡ್ಡ ಬೋರ್ಡಿನ ಮುಚ್ಚಳ ಬಿಚ್ಚಿದ.

"ಇಲ್ಲಿ ನೋಡಿ ಅಮ್ಮ. ಅಡುಗೆಮನೆ, ಬಚ್ಚಲು, ಎಲ್ಲಾ ಕಡೆಯಿಂದ ಬಂದಿರೋ ಹಸಿರು ವೈರ್ ಇವು. ಒಂದೂ ಗುಂಡಿಗೆ ಸೇರಿಲ್ಲ. ಆ ದಪ್ಪ ವೈರ್ ಒಂದೇ ಸೇರಿರೋದು, ಅದು ಮುಂದಿನ ಕೋಣೆಗೆ ಹೋಗಿದೆ."

"ಇಲಿ ಕಡಿದಿರಬೇಕು."

"ಇಲಿ ಕಡಿದು ತುದಿಗೆ ಟೇಪ್ ಸುತ್ತಿಡುತ್ತಾ? ಇದು ಕತ್ತರಿಸಿರೋದು. ತಿಳಿದೋರೇ ಮಾಡಿಸಿರೋದು." ಆಮೇಲೆ ಕನ್ನಡಕದ ಮೇಲಿಂದ ಅವಳನ್ನು ನೋಡಿ ಕೇಳಿದ: "ಫ್ರಿಜ್ ಮುಟ್ಟಿದ್ರೆ ಕೈ ಜುಮ್ ಅನ್ನಲ್ವಾ ನಿಮಗೆ?"

ಹನ್ನೊಂದು ವರ್ಷದಲ್ಲಿ ಅವಳು ಹೇಳುವ ಮೊದಲೇ ಕೇಳಿದವನು ಇವನೊಬ್ಬನೇ.

"ಅದು ನರದ್ದಲ್ವಾ?" ಎಂದಳು.

"ನರದ ವಿಷಯ ನಂಗೊತ್ತಿಲ್ಲ. ಫ್ರಿಜ್ಜಿಂದ ಸೋರೋ ಕರೆಂಟಿಗೆ ನೆಲಕ್ಕೆ ಹೋಗೋ ದಾರಿ ಇಲ್ದಿದ್ರೆ ಅದು ಮುಟ್ಟಿದೋರ ಕೈಗೇ ಬರುತ್ತೆ. ಒಂದು ನಿಮಿಷ ಇರಿ." ಅವನು ಮೇನ್ ಆಫ್ ಮಾಡಿ, ಟೇಪ್ ಬಿಚ್ಚಿ, ಹಸಿರು ವೈರ್‌ಗಳನ್ನೆಲ್ಲ ಒಂದುಗೂಡಿಸಿ ಬಿಗಿದ. ಕರೆಂಟ್ ಹಾಕಿ, ಟೆಸ್ಟರಿನ ಮೂರನೇ ದೀಪ ಹತ್ತಿದ್ದನ್ನು ತೋರಿಸಿ, ಫ್ರಿಜ್ಜಿಗೂ ಮೀಟರ್ ಹಿಡಿದು ನೋಡಿ, "ಈಗ ಮುಟ್ಟಿ" ಎಂದ.

ಬರಿಗಾಲಲ್ಲಿ ನಿಂತು ಮುಟ್ಟಿದಳು. ಏನೂ ಇಲ್ಲ. ತಣ್ಣನೆಯ ತಗಡು, ಅಷ್ಟೇ. ಇಡೀ ಅಂಗೈ ಊರಿದಳು, ಇನ್ನೊಂದು ಅಂಗೈಯನ್ನೂ ಊರಿದಳು. ಕೈ ಸುಮ್ಮನಿತ್ತು. ಈ ಕೈಗೆ ಏನೂ ಆಗಿರಲಿಲ್ಲ, ಎಂದೂ ಏನೂ ಆಗಿರಲಿಲ್ಲ. ಅವಳಿಗೆ ಮೊದಲು ಆದದ್ದು ಸಂತೋಷವೇ, ಕಣ್ಣಲ್ಲಿ ನೀರು ಬರುವಷ್ಟು ಸಂತೋಷ. ಸಿಟ್ಟು ಬಂದದ್ದು ಅದರ ಹಿಂದಿನಿಂದ.

"ಮತ್ತೆ ಯಾರಿಗೂ ಬಿಚ್ಚೋಕೆ ಬಿಡಬೇಡಿ" ಎಂದು ಮೆಕ್ಯಾನಿಕ್ ಹೊರಡುವಾಗ ಹೇಳಿದ. "ಇವತ್ತು ಜುಮ್ ಅನ್ನೋದು ನಾಳೆ ಜೀವ ತೆಗೆಯುತ್ತೆ."

ಸಂಜೆ ಕಿವಿ ಸಾಹೇಬ ರೆಕಾರ್ಡ್ ಹಾಕಿದ, ಕೂತ, ಎದ್ದ. ಸ್ಪೀಕರ್‌ಗೆ ಕಿವಿಯಿಟ್ಟ. ಸಣ್ಣಗೆ ಗುಂಯ್ ಎನ್ನುತ್ತಿತ್ತು. ಫ್ರಿಜ್ ಓಡಿದಾಗ ಜಾಸ್ತಿ, ನಿಂತಾಗ ಕಮ್ಮಿ. ಇವತ್ತು ಯಾರು ಬಂದಿದ್ದರು ಎಂದು ಕೇಳಿ ಎರಡೇ ನಿಮಿಷಕ್ಕೆ ಸ್ಕ್ರೂಡ್ರೈವರ್ ಹಿಡಿದು ಬೋರ್ಡಿನ ಮುಂದೆ ನಿಂತಿದ್ದ. ಅವಳು ಪಕ್ಕಕ್ಕೆ ಬಂದು ನಿಂತಳು.

"ನೀವೇ ಕತ್ತರಿಸಿದ್ದಾ?"

"ವೈರ್‌ಮನ್ ಕತ್ತರಿಸಿದ್ದು, ನಾನು ಹೇಳಿದೆ. ನಿನ್ನ ಅಡುಗೆಮನೆ ಕೊಳಕೆಲ್ಲ ಅರ್ತ್‌ನಲ್ಲಿ ಬಂದು ನನ್ನ ಆಂಪ್ಲಿಫೈಯರ್‌ಗೆ ಸೇರ್ತಿತ್ತು."

"ನನಗೆ ಶಾಕ್ ಹೊಡೆಯುತ್ತೆ ಅಂತ ಗೊತ್ತಿತ್ತಾ?"

"ಶಾಕ್ ಅಂತ ದೊಡ್ಡ ಮಾತು ಯಾಕೆ? ಎಪ್ಪತ್ತೆಂಟು ವೋಲ್ಟ್. ಅವತ್ತೇ ಅಳೆದಿದ್ದೆ, ಡೈರಿಯಲ್ಲಿ ಬರೆದಿದೀನಿ. ಅಳೆಯದೆ ನಾನು ಯಾವುದನ್ನೂ ಮಾಡಲ್ಲ, ನಿಂಗೊತ್ತು."

ಗೊತ್ತಿತ್ತು. ಮೀಟರ್ ಹಿಡಿದು ಕುಕ್ಕರುಗಾಲಲ್ಲಿ ಕೂತಿದ್ದ ಅವನ ಬೆನ್ನು ಅವಳ ಕಣ್ಣಿಗೆ ಈಗಲೂ ಕಟ್ಟಿದಂತಿತ್ತು. ಎಪ್ಪತ್ತೆಂಟು ಎಂದು ನೋಡಿ, ಏನೂ ಇಲ್ಲ ಎಂದಿದ್ದ.

"ಹಾಗಾದ್ರೆ ಡಾಕ್ಟರ ಹತ್ರ ಯಾಕೆ ಕರ್ಕೊಂಡು ಹೋದ್ರಿ?"

"ನೀನು ದಿನಾ ಅದನ್ನೇ ಹೇಳ್ತಿದ್ದೆ. ಏನಾದರೂ ಮಾಡಬೇಕಿತ್ತಲ್ಲ."

"ನನ್ನ ಮೆಷಿನ್?"

ಅವನು ಒಂದು ವೈರಿಗೆ ಟೇಪ್ ಸುತ್ತುತ್ತಿದ್ದ. "ಅದು ಹೋಗಿದ್ದೇ ಒಳ್ಳೇದಾಯ್ತು ಬಿಡು. ಅದರ ಮೋಟರ್ ಓಡಿದಾಗೆಲ್ಲ ಸ್ಪೀಕರ್‌ನಲ್ಲಿ ಪರಪರ ಅಂತಿತ್ತು." ಹೆಂಡತಿಯ ಮುಖ ನೋಡಿ ದನಿ ಇಳಿಸಿದ. "ಭಾನುವಾರ ಪ್ರಿನ್ಸಿಪಾಲರು ಬರ್ತಾರೆ. ಅಂಥವರು ನಮ್ಮ ಮನೆಗೆ ಕೇಳೋಕೆ ಬರೋದೇ ಹೆಚ್ಚು. ಅದೊಂದು ಕಳೀಲಿ, ಅಡುಗೆಮನೆಗೆ ಬೇರೆ ಗುಂಡಿ ತೋಡಿಸೋಣ. ಹನ್ನೊಂದು ವರ್ಷ ಇದ್ದೀಯ, ಇನ್ನು ನಾಲ್ಕು ದಿನ."

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರೆ. ಬೆಕ್ಕಿನ ಕೈಯಲ್ಲಿ ಕನಿಷ್ಠ ಮೀಟರ್ ಇರುವುದಿಲ್ಲ. ಅವಳು ಅಂದು ಜಗಳವಾಡಲಿಲ್ಲ, ಅಳಲೂ ಇಲ್ಲ. ಮಾರನೆಯ ದಿನ ಒಂದು ಜೊತೆ ರಬ್ಬರ್ ಚಪ್ಪಲಿ ತಂದು ಹಾಕಿಕೊಂಡಳು. ಗುಂಡಿಗೆ ನೀರು ಹಾಕುವುದನ್ನು ಬಿಟ್ಟಳು.

ಭಾನುವಾರ ಸಂಜೆ ಅದು ಗಂಡನ ಕಣ್ಣಿಗೆ ಬಿತ್ತು. ಗುಂಡಿ ಬಿರುಕು ಬಿಟ್ಟಿದೆ, ಅತಿಥಿಗಳು ಬರುವ ಹೊತ್ತಾಗಿದೆ. "ನೀರು ಹಾಕಿಲ್ವಾ?" ಎಂದ. "ಕೈ ಜುಮ್ ಅನ್ನುತ್ತೆ" ಎಂದಳು. ಅವನು ಗೊಣಗುತ್ತ ತಾನೇ ಬಚ್ಚಲಿನಿಂದ ಬಕೆಟ್ ತುಂಬಿಸಿ ಅಡುಗೆಮನೆಯ ಮೂಲಕ ಹಿತ್ತಲಿಗೆ ಹೊತ್ತ. ಅಭ್ಯಾಸವಿಲ್ಲದ ಕೈ, ಅರ್ಧ ನೀರು ಅಡುಗೆಮನೆಯ ನೆಲದ ಮೇಲೇ ಚೆಲ್ಲಿತು. ಅವಳು ಒರೆಸಲಿಲ್ಲ.

ಪ್ರಿನ್ಸಿಪಾಲರು ಬಂದರು. ನಿವೃತ್ತರು, ಮೆತ್ತಗೆ ಮಾತಾಡುವವರು, ಹಾಡು ಕೇಳಲು ಬರುವವರಲ್ಲಿ ಹೊಲಿಗೆಯಕ್ಕನನ್ನು ಕಂಡು ನಮಸ್ಕಾರ ಎಂದವರು ಅವರೊಬ್ಬರೇ. ಬೂಟಿನ ಸದ್ದು ಆಗಬಾರದೆಂದು ಕಿವಿ ಸಾಹೇಬ ಎಲ್ಲರ ಪಾದರಕ್ಷೆಯನ್ನೂ ಹೊರಗೇ ಬಿಡಿಸುತ್ತಿದ್ದ. ರೆಕಾರ್ಡಿನ ಮೊದಲ ಬದಿ ಮುಗಿಯಿತು. "ಎಂಥ ನಿಶ್ಶಬ್ದ ರೀ ಇದು" ಎಂದು ಪ್ರಿನ್ಸಿಪಾಲರು ಹೇಳಿದ್ದು ಅವಳಿಗೆ ಅಡುಗೆಮನೆವರೆಗೂ ಕೇಳಿಸಿತು. ಗಂಡ ಗುಂಡಿಯ ಕಥೆ ಶುರು ಮಾಡಿದ. ಉಪ್ಪು, ಇದ್ದಿಲು, ದಿನಾ ಎರಡು ಬಕೆಟ್ ನೀರು, ಹನ್ನೊಂದು ವರ್ಷದಲ್ಲಿ ಒಂದು ದಿನ ತಪ್ಪಿಸಿಲ್ಲ. ಯಾರು ತಪ್ಪಿಸಿಲ್ಲ ಎಂಬುದು ಆ ಕಥೆಯಲ್ಲಿ ಬರಲಿಲ್ಲ.

ಅವನು ರೆಕಾರ್ಡ್ ತಿರುವಿ ಹಾಕುವಷ್ಟರಲ್ಲಿ ಪ್ರಿನ್ಸಿಪಾಲರು ಅಡುಗೆಮನೆ ಬಾಗಿಲಿಗೆ ಬಂದರು.

"ನೀವು ಏಳಬೇಡಿ ತಾಯಿ, ತಣ್ಣೀರು ನಾನೇ ತಗೋತೀನಿ."

ಅವರ ಬರಿಗಾಲು ಚೆಲ್ಲಿದ ನೀರಿನಲ್ಲಿತ್ತು, ಕೈ ಫ್ರಿಜ್ ಬಾಗಿಲ ಕಡೆ ಹೋಗುತ್ತಿತ್ತು. ಅವಳ ಬಾಯಿಯವರೆಗೂ ಮಾತು ಬಂತು. ಮುಟ್ಟಬೇಡಿ ಸರ್, ಎರಡೇ ಶಬ್ದ. ಒಳ್ಳೆಯ ಮನುಷ್ಯ, ನಮಸ್ಕಾರ ಎಂದವರು, ಮೆಕ್ಯಾನಿಕ್ ಹೇಳಿದ ಮಾತೂ ನೆನಪಿತ್ತು. ಅಷ್ಟೆಲ್ಲ ಗೊತ್ತಿದ್ದೂ ಅವಳು ತುಟಿ ಬಿಗಿಹಿಡಿದಳು. ಈ ಪಾಪ ಅವಳದೇ, ಅದನ್ನು ಅವಳು ಆಮೇಲೂ ಯಾರ ಮೇಲೂ ಹಾಕಲಿಲ್ಲ.

"ಅಯ್ಯೋ" ಎಂದು ಅವರ ಕೈ ಹಿಂದಕ್ಕೆ ಎಗರಿತು. ತೂಕ ತಪ್ಪಿ ಗೋಡೆಗೆ ಒರಗಿದರು.

ಕಿವಿ ಸಾಹೇಬನಿಗೆ ಈ ಸಲ ಒಂದೇ ಕೂಗಿಗೆ ಕೇಳಿಸಿತು. ಓಡಿ ಬಂದ. ಅವರನ್ನು ತೋಳು ಹಿಡಿದು ಕುರ್ಚಿಯಲ್ಲಿ ಕೂರಿಸಿ, ಮುಂದೆ ನೆಲದ ಮೇಲೆ ಮೊಣಕಾಲೂರಿ, ಅವರ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡ. ಅಂಗೈ ತಿರುಗಿಸಿ ನೋಡಿದ. ಒಂದೊಂದೇ ಬೆರಳು ಹಿಡಿದು ನೋಡಿದ.

"ಶಾಕ್ ಹೊಡೆದಿದೆ ಸರ್. ಎಲ್ಲಿವರೆಗೆ ಬಂತು? ಮೊಣಕೈವರೆಗಾ? ಎದೆಯಲ್ಲಿ ಏನೂ ಇಲ್ಲ ತಾನೆ?"

ಆಮೇಲೆ ಫೋನ್ ತೆಗೆದು ವೈರ್‌ಮನ್‌ಗೆ ಹೇಳುತ್ತಿದ್ದ: "ಭಾನುವಾರ ಆದ್ರೇನ್ರೀ? ಈಗಲೇ ಬನ್ನಿ. ಅಡುಗೆಮನೆಗೆ ಅರ್ತ್ ಕೊಡಬೇಕು, ಈಗಲೇ. ಹಾಡು ಹಾಳಾಗಿಹೋಗ್ಲಿ, ಮನುಷ್ಯನ ಜೀವದ ಪ್ರಶ್ನೆ."

ಹೊಲಿಗೆಯಕ್ಕ ಅವನ ಕೈಯಲ್ಲಿದ್ದ ಆ ಕೈಯನ್ನೇ ನೋಡುತ್ತ ನಿಂತಿದ್ದಳು. ಹನ್ನೊಂದು ವರ್ಷ ಆಗದ್ದಕ್ಕೆ ಒಂದು ಕೂಗು ಸಾಕಾಗಿತ್ತು, ಅದು ಅವಳದಾಗಿರಬಾರದು ಅಷ್ಟೇ. ಕೋಣೆಯಲ್ಲಿ ರೆಕಾರ್ಡು ಕೇಳುವವರಿಲ್ಲದೆ ಹಾಡುತ್ತಿತ್ತು, ಒಂದಿಷ್ಟೂ ಗುಂಯ್ ಎನ್ನದೆ.

ಅವಳು ಗಡಿಯಾರದ ಕೆಳಗಿನ ಗೂಡಿಗೆ ಕೈ ಹಾಕಿ ಕೆಂಪು ಮಾತ್ರೆಯ ಹಾಳೆ ತೆಗೆದಳು. ಒಂದು ಲೋಟ ನೀರಿನ ಜೊತೆ ಪ್ರಿನ್ಸಿಪಾಲರ ಮುಂದೆ ಇಟ್ಟಳು.

"ತಗೊಳ್ಳಿ ಸರ್. ಈ ಮನೇಲಿ ಇದಕ್ಕೆ ಕೊಡೋ ಔಷಧಿ ಇದೇ. ಊಟ ಆದ್ಮೇಲೆ ಒಂದು. ನಾನು ಆರು ವರ್ಷದಿಂದ ತಗೋತಿದೀನಿ, ಬೇಕಿದ್ರೆ ಇವರನ್ನ ಕೇಳಿ."