ಗಾಳಿ ಬೆರೆಸಿದ ಹಾಲು

ಚಿನ್ನದ ಗಣಿಯ ಊರು ಕೋರಮಂಡಲ್‌ನ ಹಳೆಯ ಕ್ವಾರ್ಟರ್ಸ್ ಒಂದರಲ್ಲಿ ನಡೆಯುವ ಆಟಿಸಂ ಮಕ್ಕಳ ಕೇಂದ್ರದಲ್ಲಿ ಮೊಣಕಾಲೆತ್ತರದ ರೋಬೋ ಬೊಂಬೆಯೊಂದಿತ್ತು. ಬಿಳಿ ಮುಖ, ನೀಲಿ ಕಣ್ಣು. ಯಾವ ಮಗುವಿಗೆ ಎಷ್ಟು ಹೊತ್ತು ಬೇಕೆಂದು ತಾನೇ ಕಲಿತುಕೊಂಡು, ಅಷ್ಟು ಹೊತ್ತು ಸುಮ್ಮನೆ ಕಾಯುತ್ತಿತ್ತು. ಅದು ಲೋಟದ ಚಿತ್ರ ತೋರಿಸಿ "ಹಾಲು" ಎಂದಾಗ, ಹುಟ್ಟಿದಾಗಿನಿಂದ ಒಂದು ಮಾತೂ ಆಡದ ಶ್ಯಾಮಲ "ಹಾಲು" ಎಂದಿದ್ದಳು. ಕಿಟಕಿಯಾಚೆ ಗಣಿಯ ಬೂದು ದಿಬ್ಬಗಳ ಮೇಲೆ ಬಿಸಿಲು ಮಲಗಿತ್ತು. ಯಾರದೋ ಕನಸಿನೊಳಗೆ ಹೊಕ್ಕಂತೆ ಅನ್ನಿಸಿತ್ತು ತಾಯಿ ಶಶಿರೇಖಗೆ.

ಮನೆಯಲ್ಲಿ ಮಾತ್ರ ಮೌನವೇ. ಬೊಂಬೆ ಮುಂದಿನ ವಾರ ಬೇರೆ ಊರಿನ ಕೇಂದ್ರಕ್ಕೆ ಹೋಗುವುದಿತ್ತು. ಅದರ ಹಿಂದೆ ಆ ಒಂದು ಮಾತೂ ಹೋಗಿಬಿಟ್ಟರೆ?

"ಬೊಂಬೆ ಹೇಳೋ ಥರಾನೇ ಮನೇಲೂ ಹೇಳ್ಬೇಕು," ಎಂದಳು ಕೇಂದ್ರದಲ್ಲಿ ಥೆರಪಿ ಮಾಡುವ ಕಲ್ಪನ. "ಉಚ್ಚಾರ ಬದಲಾದ್ರೆ ಇವಳಿಗೆ ಅದು ಬೇರೇನೇ ಪದ."

ಹಗಲೆಲ್ಲ ಮಗು ಇರುವುದು ಅಜ್ಜಿಯ ಜೊತೆ. ಹಾಗಾಗಿ ಶಶಿರೇಖ ಅತ್ತೆಗೇ ಪಾಠ ಶುರುಮಾಡಿದಳು.

"ಆಲು ಅಂದ್ರೆ ಆಲೇ ಅಲ್ವೇನಮ್ಮಿ?" ಎಂದರು ಮುತ್ಯಾಲಮ್ಮ. "ಡೈರಿಗೆ ಆಕೋ ಆಲ್ಗೆ ನಾನು ತೊಟ್ಟು ನೀರು ಬೆರಸಾಕಿಲ್ಲ. ನಿನ್ನ ಬೊಂಬೆ ನೋಡು, ಗಾಳಿ ಬೆರಸ್ತದೆ."

"ಅಂಗೈನ ಬಾಯಿ ಮುಂದೆ ಇಟ್ಕಳಿ ಅತ್ತೆ. ಉಸ್ರು ತಾಕ್ಬೇಕು. ಹಾಲು."

"ಹ್ಹಾಲು."

ಶ್ಯಾಮಲ ಅಜ್ಜಿಯ ಅಂಗೈಯನ್ನೇ ನೋಡುತ್ತಿದ್ದಳು.

ಒಮ್ಮೆ ಬಾಯಿಗೆ ಹತ್ತಿದ ಗಾಳಿ ಮುತ್ಯಾಲಮ್ಮನವರನ್ನು ಬಿಡಲಿಲ್ಲ. ಎಲೆ ಹೆಲೆಯಾಯಿತು. ಅಲ್ಲಿ ಹಲ್ಲಿಯಾಯಿತು. ಅಕ್ಕಿ ಹಕ್ಕಿಯಾಗಿ, ಮೊರದ ತುಂಬ ಹಕ್ಕಿ ಕೇರಿ ಒಲೆಯ ಮೇಲಿಟ್ಟರು. ಆ ವಾರವೆಲ್ಲ ಶಶಿರೇಖಗೆ ಅನ್ನದ ಹಬೆಯಲ್ಲಿ ರೆಕ್ಕೆಯ ಸದ್ದು ಕೇಳಿದಂತಾಗುತ್ತಿತ್ತು. ಮಗು ಮಾತ್ರ ತುಟಿ ಬಿಚ್ಚಲಿಲ್ಲ.

ಬೊಂಬೆಯ ಕೊನೆಯ ದಿನ ಶ್ಯಾಮಲ ಅದರ ಬಾಯಿಗೆ ಅಂಗೈ ಒಡ್ಡಿದಳು. "ಹಾಲು," ಎಂದಿತು ಬೊಂಬೆ. ಕೈ ತೆಗೆಯಲಿಲ್ಲ ಅವಳು. ಮತ್ತೆ ಎಂದಿತು. ಉಸಿರಿಲ್ಲ. ಆಮೇಲೆ ಅವಳು ಅದರ ಕಡೆ ತಿರುಗಲೇ ಇಲ್ಲ, ತಾನೂ ಏನೂ ಹೇಳಲಿಲ್ಲ. ಆ ಒಂದು ಮಾತೂ ಹೋಯಿತು ಎಂದುಕೊಂಡಳು ಶಶಿರೇಖ.

ಮರುದಿನ ಬಂಗಾರಪೇಟೆಯ ಬಟ್ಟೆ ಅಂಗಡಿಯ ಕೆಲಸ ಮುಗಿಸಿ, ಮಾರಿಕುಪ್ಪಂ ರೈಲಿಳಿದು ಅವಳು ಮನೆ ಸೇರುವಾಗ ಸಂಜೆಯ ಬೆಳಕು ಧೂಳಿನಲ್ಲಿ ತೇಲುತ್ತಿತ್ತು. ಜಗಲಿಯ ಮೇಲೆ ಅಜ್ಜಿ, ತೊಡೆಯ ಮೇಲೆ ಮಗು.

"ನೋಡೇ ಶಾಮ್ಲಾ, ಹಮ್ಮ ಬಂದ್ಲು."

ಶ್ಯಾಮಲ ಅಜ್ಜಿಯ ಬಾಯಿಗೆ ಅಂಗೈ ಒಡ್ಡಿದಳು.

"ಹಮ್ಮ," ಎಂದರು ಅಜ್ಜಿ ಮತ್ತೊಮ್ಮೆ.

ಮಗು ಕೈಯನ್ನು ನಿಧಾನವಾಗಿ ತನ್ನ ತುಟಿಯ ಹತ್ತಿರ ತಂದುಕೊಂಡಿತು. ಶಶಿರೇಖ ಅಂಗಳದಲ್ಲೇ ನಿಂತುಬಿಟ್ಟಳು.

"ಹಮ್ಮ," ಎಂದಳು ಶ್ಯಾಮಲ.

"ಹಯ್ಯೋ, ನಾನೇ ಕೆಡಿಸ್ಬುಟ್ನಲ್ಲೇ," ಎಂದರು ಮುತ್ಯಾಲಮ್ಮ. "ಹಂಗಲ್ಲ ಕಣೆ, ಹಮ್ಮ ಹನ್ನು. ಥೂ, ಹಮ್ಮ ಅಲ್ಲ, ಹಮ್ಮ..."

"ಇರ್ಲಿ ಬುಡಿ ಅತ್ತೆ," ಎಂದಳು ಶಶಿರೇಖ. ಚೀಲ ಕೆಳಗಿಟ್ಟು, ಜಗಲಿಯ ಮುಂದೆ ಮಂಡಿಯೂರಿ ಮಗಳಿಗೆ ಓಗೊಟ್ಟಳು.