ಅಗ್ಗದ ತೋಟಾ

"ಇನ್ನೆರಡು ಹೆಜ್ಜೆ ಹಿಂದೆ ಹೋಗಪ್ಪ," ಎಂದಳು ಸ್ಟೋರಿನ ಅಕ್ಕ. "ನಲವತ್ತು ಗಜ ಅಂದ್ರೆ ನಲವತ್ತು ಗಜ. ಆಮೇಲೆ ಹತ್ತಿರದಿಂದ ಹೊಡೆಸಿದೆ ಅಂತ ನನ್ನ ತಲೆಗೆ ಕಟ್ತಾರೆ."

ಅವನು ಹಿಂದೆ ಸರಿದು ನಿಂತ. ಎದುರಿಗೆ ಮಣ್ಣಿನ ದಿಬ್ಬಕ್ಕೆ ಒರಗಿಸಿದ ಹಲಗೆ, ಅದಕ್ಕೆ ಮೊಳೆ ಹೊಡೆದ ಕಂದು ಕಾಗದ, ಕಾಗದದ ಮೇಲೆ ಅವಳೇ ದಾರ ಹಿಡಿದು ಎಳೆದ ದೊಡ್ಡ ವೃತ್ತ. ಮಧ್ಯಾಹ್ನದ ವಿಮಾನ ಹೋಗಿ ಅರ್ಧ ಗಂಟೆಯಾಗಿತ್ತು. ಸಂಜೆಯದು ಬರುವವರೆಗೆ ರನ್‌ವೇ ಖಾಲಿ. ಬಿಸಿಲಿಗೆ ಡಾಂಬರು ನೀರಿನಂತೆ ನಡುಗುತ್ತಿತ್ತು.

ಆ ಚಿಕ್ಕ ವಿಮಾನ ನಿಲ್ದಾಣದಲ್ಲಿ ಅವನಿಗೆ ಹಕ್ಕಿಯಪ್ಪ ಎಂದೇ ಹೆಸರು. ಜೀಪಿನಲ್ಲಿ ರನ್‌ವೇ ಉದ್ದಕ್ಕೂ ಓಡಾಡಿ, ಸೈರನ್ನಿಗೆ ಹೆದರದ ಹಕ್ಕಿಗಳನ್ನು ಜೋಡುನಳಿಗೆಯ ಕೋವಿಯಿಂದ ಹೊಡೆಯುವುದು ಹತ್ತೊಂಬತ್ತು ವರ್ಷಗಳಿಂದ ಅವನ ಕೆಲಸ. ಅವನಿಗೆ ತೋಟಾ ಕೊಡುವುದು ಸ್ಟೋರಿನ ಅಕ್ಕ. ಎಂಟು ತಿಂಗಳ ಹಿಂದೆ ಮೇಲಿನವರು ಖರ್ಚು ತಗ್ಗಿಸಿ ಎಂದಾಗ ಹೆಸರಾಂತ ಕಂಪನಿಯ ದುಬಾರಿ ತೋಟಾ ನಿಲ್ಲಿಸಿ ಅಗ್ಗದ್ದನ್ನು ತರಿಸಿದವಳು ಅವಳೇ. "ಇದೂ ಅಷ್ಟೇ ಕೆಲಸ ಮಾಡುತ್ತದೆ" ಎಂದು ಕಡತದಲ್ಲಿ ಸಹಿ ಹಾಕಿದ್ದಳು.

ಮೂರು ವಾರದ ಹಿಂದೆ ಇಳಿಯುತ್ತಿದ್ದ ವಿಮಾನದ ಮುಂಗಾಜಿಗೆ ಒಂದು ಹದ್ದು ಬಡಿಯಿತು. ಪೈಲಟ್‌ನ ಹುಬ್ಬಿಗೆ ಒಂಬತ್ತು ಹೊಲಿಗೆ ಬಿದ್ದವು. ಕಣ್ಣು ಸ್ವಲ್ಪದರಲ್ಲಿ ಉಳಿಯಿತು. ವಿಚಾರಣೆಯಲ್ಲಿ ಹಕ್ಕಿಯಪ್ಪ ಬರೆದುಕೊಟ್ಟ ಹೇಳಿಕೆ ಒಂದೇ ಸಾಲಿನದು: ಎರಡು ಈಡು ಹೊಡೆದೆ, ಹೊಸ ತೋಟಾದ ಸೀಸದ ಚರೆಕಾಳು ಹಕ್ಕಿಯವರೆಗೆ ಮುಟ್ಟಲಿಲ್ಲ. ಮರುದಿನವೇ ಅಕ್ಕನ ಮೇಜಿಗೆ ನೋಟಿಸು ಬಂತು. ನಿವೃತ್ತಿಗೆ ಎರಡು ವರ್ಷ ಬಾಕಿಯಿದ್ದ ಹೆಂಗಸು ಅದನ್ನು ಎರಡು ಸಲ ಓದಿ, ಮಡಚಿ, ಡ್ರಾಯರಿನಲ್ಲಿಟ್ಟು, ಬೀರುವಿನ ತಳದಲ್ಲಿ ಉಳಿದಿದ್ದ ಹಳೇ ದುಬಾರಿ ತೋಟಾಗಳನ್ನು ಹುಡುಕಿ ತೆಗೆದಳು.

ಈಗ ಅವಳು ಒಂದೊಂದಾಗಿ ತೋಟಾ ಅವನ ಕೈಗಿಡುತ್ತಿದ್ದಳು. ಯಾವುದು ಯಾವುದೆಂದು ಹೇಳುತ್ತಿರಲಿಲ್ಲ. ಹೇಳದಿದ್ದರೂ ಅವನ ಬೆರಳಿಗೆ ಗೊತ್ತಾಗುತ್ತಿತ್ತು. ದುಬಾರಿಯದರ ಹಿತ್ತಾಳೆಯ ಬುಡ ಉದ್ದ, ಅಗ್ಗದ್ದರದು ಗಿಡ್ಡ. ಅಗ್ಗದ್ದು ಸಿಡಿದ ಮೇಲೆ ಹೊಗೆ ತುಸು ಹೆಚ್ಚು, ನಳಿಗೆಯಲ್ಲಿ ಮಸಿ ಹೆಚ್ಚು, ಖಾಲಿ ಕೊಳವೆ ಹೊರಗೆಳೆಯುವಾಗ ಕೊಂಚ ಮೊಂಡು. ಹೊಡೆದಾಗಲೆಲ್ಲ ಅವಳು ಹೋಗಿ ಕಾಗದ ಬಿಚ್ಚಿ, ಬೇರೊಂದು ಬಡಿದು, ಸೊಂಟ ಹಿಡಿದುಕೊಂಡು ವಾಪಸು ಬರುತ್ತಿದ್ದಳು. ಒಂದೊಂದು ಬಗೆಯದರಲ್ಲಿ ಐದೈದು, ಒಟ್ಟು ಹತ್ತು ಈಡು.

ಆಮೇಲೆ ಇಬ್ಬರೂ ಜೀಪಿನ ನೆರಳಿನಲ್ಲಿ ಕೂತು ತೂತು ಎಣಿಸಿದರು. ಅವಳು ಕೆಂಪು ಪೆನ್ಸಿಲಿನಲ್ಲಿ ಪ್ರತಿ ತೂತಿಗೂ ಸುತ್ತು ಹಾಕುತ್ತ ಹೋದಳು. ಎಣಿಕೆ ಮುಗಿಯುವ ಹೊತ್ತಿಗೆ ಕನ್ನಡಕದ ಕೆಳಗೆ ಬೆವರು ಇಳಿಯುತ್ತಿತ್ತು.

"ದುಬಾರಿಯದು ವೃತ್ತದೊಳಗೆ ಸರಾಸರಿ ನೂರಿಪ್ಪತ್ಮೂರು," ಎಂದಳು. "ಇದು ನೂರಹದಿನೆಂಟು. ಐದು ಕಾಳಿನ ವ್ಯತ್ಯಾಸ ಕಣಪ್ಪ. ಹದ್ದಿಗೆ ನಾಕು ಕಾಳು ತಗುಲಿದ್ರೆ ಸಾಕು ಅಂತ ನೀನೇ ಹೇಳಿದ್ದೆ."

"ಹೌದು."

"ಅಲ್ಲಿ ಮುಟ್ಟದೇ ಇದ್ದ ಚರೆ ಇಲ್ಲಿ ಹಲಗೆ ಸೀಳ್ಕೊಂಡು ಹೋಗಿದೆ."

ಅವನು ಕೋವಿಯನ್ನು ಮಡಿಲಲ್ಲಿಟ್ಟುಕೊಂಡು ಒರೆಸುತ್ತಿದ್ದ. ಒರೆಸಿದ ಜಾಗವನ್ನೇ ಮತ್ತೆ ಒರೆಸಿದ.

"ಹತ್ತಕ್ಕೆ ಹತ್ತೂ ನಟ್ಟನಡುವೆ ಹೊಡೆದಿದ್ದೀಯ," ಎಂದಳು ಅಕ್ಕ. "ತೋಟಾ ಸರಿ ಇದೆ, ಕೋವಿ ಸರಿ ಇದೆ, ಕಣ್ಣೂ ಸರಿ ಇದೆ. ಮತ್ತೇನು ಸರಿ ಇಲ್ಲ?"

ಹಕ್ಕಿಯಪ್ಪ ಮೊದಲಿನಿಂದಲೂ ಮಾತು ಕಡಿಮೆಯ ಮನುಷ್ಯ. ಅವಳು ಅವಸರ ಮಾಡಲಿಲ್ಲ.

"ಹಕ್ಕಿ ಎದ್ದಾಗ ಕೋವಿ ಅದರ ಜೊತೆಗೇ ಹೋಗ್ಬೇಕು ಅಕ್ಕಾ," ಎಂದ ಕೊನೆಗೆ. "ಹೋಗ್ತಾ ಹೋಗ್ತಾ ಬೆರಳು ಕೋವಿಯ ಕುದುರೆ ಎಳೀಬೇಕು. ನನ್ನ ಕೈ ನಿಂತುಬಿಡುತ್ತೆ. ಒಂದು ಗೇಣು ಹಿಂದೆ ಉಳ್ಕೊಳ್ಳುತ್ತೆ. ಹೋದ ವರ್ಷದಿಂದ ಹೀಗೇ."

"ಹೋದ ವರ್ಷದಿಂದ ಅಂದ್ರೆ ಈ ತೋಟಾ ಬರೋಕೂ ಮುಂಚೆ."

"ಮುಂಚೇನೇ. ಇದು ಬಂದಾಗ ಇದರದ್ದೇ ತಪ್ಪು ಅಂದ್ಕೊಂಡೆ. ನಿಜವಾಗ್ಲೂ ಹಾಗೇ ಅಂದ್ಕೊಂಡಿದ್ದೆ, ಸ್ವಲ್ಪ ದಿನ."

"ಆಮೇಲೆ?"

"ಆಮೇಲೆ ಗೊತ್ತಾಯ್ತು. ಹೊಡೆಯೋಕೆ ಮನಸ್ಸಿಲ್ಲ. ಏನಾಯ್ತು ಅಂತ ಕೇಳ್ಬೇಡಿ, ಏನೂ ಆಗಿಲ್ಲ. ದಿನಾ ಸಂಜೆ ಚೀಲ ತಗೊಂಡು ಹೋಗಿ ಸತ್ತಿದ್ದನ್ನ ಹೆಕ್ಕಿ, ಲೆಕ್ಕ ಬರೆದು, ಗುಂಡಿ ಮುಚ್ಚೋದು. ಸಾಕಾಗಿದೆ, ಅಷ್ಟೇ."

ಅಕ್ಕ ಪೆನ್ಸಿಲನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡಳು. "ನಂಗೆ ನೋಟಿಸು ಬಂದಾಗ ಸುಮ್ನಿದ್ದೆ ನೀನು."

"ಸುಮ್ನಿದ್ದೆ."

"ಅವತ್ತು ಸ್ಟೋರಿಗೆ ಬಂದು ನನ್ನ ಎದುರಿಗೇ ಕೂತು ಟೀ ಕುಡಿದೆ."

ಅದಕ್ಕೂ ಅವನು ಹೌದೆಂದು ತಲೆಯಾಡಿಸಿದ. ಬೇರೆ ದಿನವಾಗಿದ್ದರೆ ಅವಳು ಎದ್ದು ಹೋಗುತ್ತಿದ್ದಳು. ಆದರೆ ಸಿಟ್ಟು ಮಾಡಿಕೊಳ್ಳುವಷ್ಟು ತ್ರಾಣ ಉಳಿದಿರಲಿಲ್ಲ. ಮೂರು ವಾರದಿಂದ ಅವಳಿಗೆ ಸರಿಯಾಗಿ ನಿದ್ದೆ ಬಂದಿರಲಿಲ್ಲ.

"ನೋಡು," ಎಂದಳು, "ಎರಡೂ ಸಮ ಅಂತ ನಾನು ಬರೆದ್ರೆ ಮುಂದಿನ ಪ್ರಶ್ನೆ ನಿನಗೇ ಬರುತ್ತೆ. ವಯಸ್ಸಾಯ್ತು, ಹಾರೋ ಹಕ್ಕಿ ಸ್ವಲ್ಪ ಮಂಜಾಗಿ ಕಾಣುತ್ತೆ ಅಂತ ಹೇಳಿಬಿಡು. ಒಂದು ಕನ್ನಡಕ ಬರೆದುಕೊಟ್ಟು ಕೈತೊಳ್ಕೊಳ್ತಾರೆ."

"ಕನ್ನಡಕ ಕೊಟ್ಟು ಮತ್ತೆ ಕೋವೀನೂ ಕೊಡ್ತಾರೆ."

"ಕೊಡ್ತಾರೆ."

ಅವನು ರನ್‌ವೇ ಕಡೆ ನೋಡಿದ. ಕೊನೆಯ ದೀಪದ ಕಂಬದ ಮೇಲೆ ಎರಡು ಹದ್ದು ಕೂತಿದ್ದವು.

"ಆ ಪೈಲಟ್‌ಗೆ ನನ್ನ ಮಗಳ ವಯಸ್ಸು," ಎಂದ. "ಬೇಡ ಅಕ್ಕಾ. ನೀವು ಕಂಡಿದ್ದು ನೀವು ಬರೀರಿ. ಮಿಕ್ಕಿದ್ದು ನಾನು ಹೇಳ್ತೀನಿ."

ಮರುದಿನ ಬೆಳಿಗ್ಗೆ ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಸಾಹೇಬರ ಕೋಣೆಗೆ ಹೋದ. ಹತ್ತು ಕಾಗದಗಳನ್ನೂ ಅಕ್ಕ ಆಗಲೇ ತಲುಪಿಸಿದ್ದಳು. ಸಾಹೇಬರು ಅವನ ಮಾತನ್ನು ಪೂರ್ತಿ ಕೇಳಿ, ಹೇಳಿಕೆಯ ಫಾರಂ ಹಿಂದೆ ಮುಂದೆ ತಿರುವಿದರು.

"ಅನಾರೋಗ್ಯ ಅಂತ ಹಾಕಲೇ?"

"ಆರೋಗ್ಯವಾಗಿದ್ದೀನಿ ಸಾರ್."

"ಮನಸ್ಸಿಲ್ಲ ಅನ್ನೋದಕ್ಕೆ ಇದರಲ್ಲಿ ಕಾಲಮ್ಮೇ ಇಲ್ವಲ್ಲ ಮಾರಾಯ." ಸಾಹೇಬರು ಹಣೆ ಒತ್ತಿಕೊಂಡರು. "ಒಂದು ವರ್ಷದಿಂದ ಹೇಳಲಿಲ್ಲ ನೀನು. ಸುಳ್ಳು ಬೇರೆ ಬರೆದುಕೊಟ್ಟೆ. ವಿಮಾನದಲ್ಲಿ ಅರವತ್ತು ಜನ ಇದ್ರು, ಅದು ಗೊತ್ತಾ?"

"ಗೊತ್ತು ಸಾರ್."

ಅವನಿಗೆ ಮೂರು ತಿಂಗಳ ಅಮಾನತ್ತು ಆಯಿತು. ಅಕ್ಕನ ನೋಟಿಸನ್ನು ಒಂದು ಸಾಲಿನ ಪತ್ರದಲ್ಲಿ ಹಿಂತೆಗೆದುಕೊಂಡರು. ಸುದ್ದಿ ಕೇಳಿದ ಹೆಂಡತಿ ಮಾಡುತ್ತಿದ್ದ ಕೆಲಸ ನಿಲ್ಲಿಸಿ, "ನಂಗಾದ್ರೂ ಹೇಳಬಾರದಿತ್ತಾ," ಎಂದಳು. ಆಮೇಲೆ ಒಗೆಯಲು ಅವನ ಅಂಗಿ ಎತ್ತಿಕೊಂಡು ಮೂಸಿ ನೋಡಿದಳು. ಕೋವಿಮದ್ದಿನ ವಾಸನೆ ಎಷ್ಟು ಒಗೆದರೂ ಹೋಗುವುದಿಲ್ಲವೆಂದು ಅವಳು ವರ್ಷಗಟ್ಟಲೆ ಗೊಣಗಿದ್ದಳು. ಅವತ್ತು ಅದನ್ನು ಬಕೆಟ್ಟಿಗೆ ಹಾಕಿ ಸೋಪು ತೆಗೆದುಕೊಂಡಳು.

ಅಮಾನತ್ತು ಮುಗಿದು ವಾಪಸು ಬಂದಾಗ ಅವನನ್ನು ಸಾಮಾನಿನ ತಳ್ಳುಗಾಡಿಗಳ ಕೆಲಸಕ್ಕೆ ಹಾಕಿದರು. ಹೊಸ ಕೋವಿಯವನು ಬಂದಾಗಿತ್ತು. ಅದೇ ಅಗ್ಗದ ತೋಟಾದಲ್ಲಿ ಅವನು ಹೊಡೆದದ್ದು ತಪ್ಪುವುದಿಲ್ಲವೆಂದು ಎಲ್ಲರೂ ಹೇಳುತ್ತಿದ್ದರು. ಗಾಡಿ ತಳ್ಳುವ ಗೆಳೆಯರು ಕೆಲವು ದಿನ ಕೈಯಲ್ಲಿ ರೆಕ್ಕೆ ಬಡಿದು ತೋರಿಸಿ ನಕ್ಕರು, ಆಮೇಲೆ ಅವರಿಗೂ ಬೇಸರವಾಯಿತು. ಸ್ಟೋರಿನ ಅಕ್ಕ ಎದುರು ಸಿಕ್ಕರೆ ತಲೆಯಾಡಿಸಿ ಮುಂದೆ ಹೋಗುತ್ತಿದ್ದಳು. ತಿಂಗಳ ಕೊನೆಯಲ್ಲಿ ಮಾತ್ರ, ಅವನು ಕೇಳಿರದಿದ್ದರೂ, ಒಂದು ಜೊತೆ ಕೈಗವಸು ಕಳಿಸಿದಳು. ಅಳತೆ ಸರಿಯಾಗಿತ್ತು.

ಒಂದು ಸಂಜೆ ಅವನು ಗಾಡಿಗಳನ್ನು ಒಂದರೊಳಗೊಂದು ಸೇರಿಸುತ್ತಿದ್ದಾಗ ದೂರದಲ್ಲಿ ಎರಡು ಈಡು ಕೇಳಿದವು. ಬಾಗಿಲ ಬಳಿ ಮಗುವನ್ನೆತ್ತಿಕೊಂಡು ನಿಂತಿದ್ದ ಹೆಂಗಸು ಬೆಚ್ಚಿ ತಿರುಗಿದಳು.

"ಏನದು ಸದ್ದು?"

"ಹಕ್ಕಿ ಓಡಿಸ್ತಾರಮ್ಮ," ಎಂದ ಅವನು. ಅವಳ ಪೆಟ್ಟಿಗೆಯನ್ನು ಎತ್ತಿ ಗಾಡಿಯಲ್ಲಿಟ್ಟ. ಹಿಡಿ ಅವಳ ಕಡೆಗೆ ಬರುವಂತೆ ತಿರುಗಿಸಿ, ಗಾಡಿ ಉರುಳದಂತೆ ಚಕ್ರಕ್ಕೆ ಕಾಲು ಅಡ್ಡವಿಟ್ಟು, ಅವಳು ಮಗುವನ್ನು ಇನ್ನೊಂದು ತೋಳಿಗೆ ಬದಲಾಯಿಸಿಕೊಳ್ಳುವವರೆಗೆ ಹಾಗೇ ನಿಂತ.