ಉಕ್ಕಿದ ಕೇಕು

ಓವನ್ ಬಾಗಿಲು ತೆಗೆದದ್ದೇ ತಡ, ಹೊಗೆ ಮುಖಕ್ಕೆ ಹೊಡೆಯಿತು. ಅಚ್ಚುಗಳಿಂದ ಉಕ್ಕಿದ ಹಿಟ್ಟು ತಳಕ್ಕೆ ಸುರಿದು ಕಪ್ಪಗೆ ಗಟ್ಟಿಯಾಗಿತ್ತು. ಅಚ್ಚಿನೊಳಗೆ ಉಳಿದದ್ದು ನಡು ಕುಸಿದು ಕೂತಿತ್ತು. ಸಂಜೆಗೆ ಚರ್ಚಿಗೆ ತಲುಪಬೇಕಾದ ಕ್ರಿಸ್ಮಸ್ ಕೇಕುಗಳು ಅವು.

“ಪೌಡರ್ ನೀನೂ ಹಾಕಿದ್ಯಾ?” ಎಂದಳು ಅಕ್ಕ. ಅಪ್ಪ ಹೋದ ಮೇಲೆ ತಮ್ಮನೊಡನೆ ಅವಳಾಡಿದ ಮೊದಲ ಮಾತು.

“ಹಾಕ್ದೆ. ನೀನು ಹಾಕಿದ್ರೆ ಹೇಳೋಕೆ ಬಾಯಿಗೇನಾಗಿತ್ತು?”

“ನಿನ್ನ ಬಾಯಿಗೆ ಏನಾಗಿತ್ತೋ ಅದೇ.”

ಒಂದೇ ಮೇಜಿನ ಎರಡು ತುದಿಯಲ್ಲಿ ನಿಂತು ಬೇಕರಿ ನಡೆಸುವವರು ಮಾತು ಬಿಟ್ಟರೆ ಇನ್ನೇನಾದೀತು? ಬೇಕಿಂಗ್ ಪೌಡರ್ ಹಾಕುವುದು ಅಪ್ಪನ ಕೆಲಸವಾಗಿತ್ತು. ಹಬ್ಬದ ಕೇಕಿಗಂತೂ ಡಬ್ಬಿ ಮುಟ್ಟಲು ಯಾರನ್ನೂ ಬಿಡುತ್ತಿರಲಿಲ್ಲ. ಅವನಿಲ್ಲದ ಈ ಮೊದಲ ಕ್ರಿಸ್ಮಸ್‌ನಲ್ಲಿ ಇಬ್ಬರೂ ತಾವೇ ಅಪ್ಪ ಎಂದುಕೊಂಡಿದ್ದರು.

ಅಪ್ಪನನ್ನು ಮಣ್ಣು ಮಾಡಿದ ಮರುದಿನವೇ ಅವಳು ಅಂಗಡಿ ತೆಗೆದಿದ್ದಳು. “ನಿನಗೆ ಅಪ್ಪ ಬೇಕಿರ್ಲಿಲ್ಲ, ಈ ಒಲೆ ಬೇಕಿತ್ತು” ಎಂದು ನೆಂಟರೆದುರೇ ಅಂದುಬಿಟ್ಟಿದ್ದ ತಮ್ಮ. ಮನೆಯಲ್ಲಿ ಕೂತರೆ ಹುಚ್ಚು ಹಿಡಿಯುತ್ತಿತ್ತು ಎಂದು ಅವಳು ಯಾರಿಗೆ ಹೇಳಬೇಕಿತ್ತು? ಹೇಳಲಿಲ್ಲ. ಅಂದಿನಿಂದ ಅವಳಿಗೆ ಅವನನ್ನು ಕಂಡರಾಗದು, ಹಬ್ಬ ಕಂಡರೂ ಆಗದು. ಕ್ರಿಸ್ಮಸ್ ಎಂದರೆ ಬೆನ್ನುನೋವು, ಗಿರಾಕಿಗಳ ಗೊಣಗಾಟ, ಅಷ್ಟೇ.

“ಆಚೆ ಸರಿ” ಎಂದು ಅವನನ್ನು ತಳ್ಳಿದವಳೇ ಮಂಡಿಯೂರಿ ಓವನ್ ತಳವನ್ನು ಕೆರೆಯತೊಡಗಿದಳು. ಸಿಟ್ಟಿಗೆ ಒಂದು ಚಕ್ಕೆ ಸಿಡಿದು ಹೊರಬಿತ್ತು. ಸಕ್ಕರೆ ಕಂದಿ ಹೊಳೆಯುತ್ತಿತ್ತು, ದ್ರಾಕ್ಷಿಯೊಂದು ಅಂಟಿಕೊಂಡಿತ್ತು. ಕೈ ತಾನಾಗಿ ಬಾಯಿಗೆ ಹೋಯಿತು.

ಅದೇ ರುಚಿ! ಹಬ್ಬದ ಹಿಂದಿನ ದಿನ ಅಪ್ಪ ಉಕ್ಕಿದ್ದನ್ನು ಕೆರೆದು ತಟ್ಟೆಗೆ ಹಾಕಿ ಮೇಜಿನ ಕೆಳಗೆ ತಳ್ಳುತ್ತಿದ್ದ. ಅಲ್ಲಿ ಇವರಿಬ್ಬರದು ನಾಯಿಜಗಳ. ಜುಟ್ಟು ಹಿಡಿದು, ಕಚ್ಚಿ, ಪರಚಿ. ಹೊಸ ಬಟ್ಟೆಯಲ್ಲ, ಉಡುಗೊರೆಯಲ್ಲ, ವರ್ಷವಿಡೀ ಅವಳು ಕಾದಿರುತ್ತಿದ್ದದ್ದು ಆ ಜಗಳಕ್ಕೆ.

ದೊಡ್ಡ ಚಕ್ಕೆಗೆ ತಮ್ಮ ಕೈ ಹಾಕಿದ. ಅವಳು ಪಟ್ಟೆಂದು ಹೊಡೆದಳು.

“ಅದು ನಂದು.”

“ಚಿಕ್ಕೋನಿಗೆ ದೊಡ್ಡದು.”

“ಮೀಸೆ ಬೆಳ್ಳಗಾಗಿದೆ, ಚಿಕ್ಕೋನಂತೆ!”

ಅವನು ಕಿತ್ತುಕೊಂಡು ಬಾಯಿಗೆ ತುರುಕಿದ. ಸುಟ್ಟಿತು. ಬಾಯಿ ತೆರೆದು ಹಾ ಹಾ ಎಂದು ಕುಣಿದ. ಅವಳಿಗೆ ನಗು ಉಕ್ಕಿ ಬಂತು, ಹೊಟ್ಟೆ ಹಿಡಿದುಕೊಳ್ಳುವಷ್ಟು. ಸಿಟ್ಟು ಎಳ್ಳಷ್ಟೂ ಇಳಿದಿರಲಿಲ್ಲ. ಆದರೂ ಎಷ್ಟು ಖುಷಿ!

“ಅವತ್ತು ನೀನಂದಿದ್ದು ನಾನು ಮರೆಯಲ್ಲ” ಎಂದಳು ಕಣ್ಣೊರೆಸಿಕೊಂಡು.

“ಮರೀಬೇಡ. ಮೊದ್ಲು ಮೊಟ್ಟೆ ಒಡಿ, ಹೊತ್ತಾಗುತ್ತೆ.”

ಹೊಸ ಹಿಟ್ಟು ಕಲಸಿ ಆಯಿತು. ಪೌಡರ್ ಡಬ್ಬಿ ಮೇಜಿನ ನಡುವೆ ಇತ್ತು. ಇಬ್ಬರೂ ಅದನ್ನೇ ನೋಡುತ್ತ ನಿಂತರು.

“ನೀನೇ ಹಾಕು” ಎಂದಳು ಕೊನೆಗೆ. “ನಾನು ನೋಡ್ತಿರ್ತೀನಿ.”

ಅವನು ಚಮಚ ಎತ್ತಿದ. ಅವನಿಗೆ ಕಾಣದಂತೆ ಬಾಯಿಗೆ ಹಾಕಿಕೊಂಡಿದ್ದ ಕೊನೆಯ ಚಕ್ಕೆಯನ್ನು ಅವಳು ದವಡೆಯಲ್ಲಿ ಸದ್ದಾಗದಂತೆ ಒತ್ತಿ ಹಿಡಿದಳು.